ತೆಗೆದ ಬಾಗಿಲು

ಭೌತಶಾಸ್ತ್ರದ ಮೇಷ್ಟ್ರಿಗೆ ಬೀದಿಯವರು ಇಟ್ಟ ಹೆಸರು ಮಿಲಿಮೀಟರ್. ಮನೆ ಕಟ್ಟಿಸುವವರು, ಕೊಳ್ಳುವವರು, ಸೋರುವ ತಾರಸಿಯ ಕೆಳಗೆ ಬಕೆಟ್ ಇಟ್ಟು ಕೂತವರು, ಯಾರು ಸಿಕ್ಕರೂ ಮೇಷ್ಟ್ರು ಮಿಲಿಮೀಟರ್ ಲೆಕ್ಕದಲ್ಲಿ ಉಪದೇಶ ಮಾಡದೆ ಬಿಡುತ್ತಿರಲಿಲ್ಲ. ಅದಕ್ಕೆ ಹೆದರಿ ಕೆಲವರು ಬೀದಿಯ ಆಚೆ ಬದಿ ಹಿಡಿಯುತ್ತಿದ್ದರು. ಮೇಷ್ಟ್ರಿಗೆ ಅದೂ ಗೊತ್ತಿತ್ತು. ತನ್ನಿಂದಾಗಿ ನಾಲ್ಕು ಜನರಿಗೆ ವ್ಯಾಯಾಮವಾಗುತ್ತಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದರು.

ಈಗ ಸ್ವಂತ ಮನೆಯ ಸರದಿ. ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದ್ದ ಅತ್ತೆ ವಾಕರ್ ಹಿಡಿದು ನಡೆಯುವಂತಾಗಿದ್ದರು. ಮಗಳ ಮನೆಗೆ ಬರಲು ಅವರದು ಒಂದೇ ಷರತ್ತು.

"ಬಚ್ಚಲಿಗೆ ನಾನೇ ಹೋಗಿ ನಾನೇ ಬರೋ ಹಾಗಿರ್ಬೇಕು. ಎತ್ತಿ ಇಳಿಸೋದಾದ್ರೆ ಆರೈಕೆ ಕೇಂದ್ರಕ್ಕೇ ಹೋಗ್ತೀನಿ. ಅಲ್ಲಿ ಎತ್ತೋರಿಗೆ ಸಂಬಳನಾದ್ರೂ ಕೊಡ್ತಾರೆ."

ಹೆಂಡತಿ ಅಮ್ಮನ ಮಂಚಕ್ಕೆ ಹೊದಿಕೆ ಹಾಸಿ, ಮತ್ತೆ ತೆಗೆದು, ಮತ್ತೆ ಹಾಸಿದಳು. ಮೇಷ್ಟ್ರಿಗೆ ಅಷ್ಟು ಸಾಕಾಗಿತ್ತು.

ಟೊಂಕ ಕಟ್ಟಿ ನಿಂತರು. ಬಚ್ಚಲ ಹೊಸ್ತಿಲು ಕೀಳಿಸಿ ನೆಲ ಸಮ ಮಾಡಿಸಿದರು, ಕಾಲು ಜಾರದ ಟೈಲ್ಸ್ ಹಾಕಿಸಿದರು. ಗೋಡೆಗೆ ಕೂರಿಸಿದ ಹಿಡಿಕೆಗೆ ತಾವೇ ಜೋತುಬಿದ್ದು ಪರೀಕ್ಷಿಸಿದರು. ಹಿಡಿಕೆ ಗಟ್ಟಿಯಾಗಿತ್ತು, ಅವರ ಭುಜ ಅಷ್ಟು ಗಟ್ಟಿಯಿರಲಿಲ್ಲ. ವಾಕರಿನ ಅಗಲವನ್ನೂ ಬಾಗಿಲ ಚೌಕಟ್ಟಿನ ಅಗಲವನ್ನೂ ಅಳೆದು, ಸಲೀಸಾಗಿ ಹೋಗುತ್ತದೆಂದು ಹೆಂಡತಿಗೆ ಚಿತ್ರ ಬರೆದು ತೋರಿಸಿದರು.

ಅತ್ತೆ ಬರುವ ದಿನ ಹೊಸ ಬಣ್ಣದ ವಾಸನೆ ಮೂಗಿಗೆ ಅಡರುತ್ತಿತ್ತು. ಆಸ್ಪತ್ರೆಗೆ ಹೊರಡುವಾಗ ಮೇಷ್ಟ್ರು, ಬಚ್ಚಲಲ್ಲಿ ಉಳಿದ ಕೆಲಸ ಮುಗಿಸುತ್ತಿದ್ದ ಬಡಗಿಗೆ, "ಹೋಗೋವಾಗ ಬಚ್ಚಲ ಬಾಗಿಲು ತೆಗೆದಿಟ್ಟು ಹೋಗಿ" ಎಂದರು.

ಬಡಗಿ ತೆಗೆದಿಟ್ಟೇ ಹೋಗಿದ್ದ. ಅತ್ತೆಯನ್ನು ಕರೆತಂದಾಗ ಬಾಗಿಲು ಹಜಾರದ ಗೋಡೆಗೆ ಒರಗಿ, ಬಂದವರನ್ನು ಬರಮಾಡಿಕೊಳ್ಳುವಂತೆ ನಿಂತಿತ್ತು.

"ನಾನು ಹೇಳಿದ್ದು ತೆರೆದಿಡಿ ಅಂತ," ಮೇಷ್ಟ್ರು ಫೋನಿನಲ್ಲಿ ಹಲ್ಲು ಕಡಿದರು.

"ತೆರೆದಿಡಿ ಅಂತ ಯಾರು ಸಾರ್ ಮಾತಾಡ್ತಾರೆ? ತೆಗೆದಿಡಿ ಅಂದ್ರಿ, ತೆಗೆದಿಟ್ಟೆ. ಈಗ ಬೇರೆ ಊರಲ್ಲಿದೀನಿ. ನಾಳೆ ಬಂದು ಹಾಕ್ತೀನಿ."

"ಹಾಕೋದು ಅಂದ್ರೆ ಮುಚ್ಚೋದಾ, ಜೋಡಿಸೋದಾ, ಈಗಲೇ ಕೇಳ್ಕೊಂಡುಬಿಡಿ," ಎಂದಳು ಹೆಂಡತಿ ಪಕ್ಕದಿಂದ.

ನಾಳೆಯವರೆಗೆ ಕಾಯುವಂತಿರಲಿಲ್ಲ. ಗಂಡಹೆಂಡತಿ ಸೇರಿ ಬಾಗಿಲು ಎತ್ತಿ ಕೀಲುಗಳಿಗೆ ಹೊಂದಿಸಿ, ಪೂರ್ತಿ ತೆರೆದು ಹಿಡಿದರು. ತಿರುಪು ಬಿಗಿಯುವ ಮೊದಲೇ ಅತ್ತೆ ವಾಕರ್ ತಳ್ಳಿಕೊಂಡು ಬಂದರು. ಅದು ಬಾಗಿಲಿಗೂ ಚೌಕಟ್ಟಿಗೂ ನಡುವೆ ಸಿಕ್ಕಿಕೊಂಡಿತು.

ಮೇಷ್ಟ್ರು ಬರಿಯ ಚೌಕಟ್ಟು ಅಳೆದಿದ್ದರು. ತೆರೆದ ಬಾಗಿಲಿನ ದಪ್ಪ, ಅದರ ಹಿಡಿಯ ಉಬ್ಬು, ಎರಡೂ ಆ ಜಾಗವನ್ನೇ ತಿನ್ನುತ್ತವೆ ಎಂಬುದು ಬೀದಿಗೆಲ್ಲ ಬುದ್ಧಿ ಹೇಳುವ ತಲೆಗೆ ಹೊಳೆದಿರಲಿಲ್ಲ.

"ಎಷ್ಟು ಮಿಲಿಮೀಟರ್ ಕಮ್ಮಿ ಬಿತ್ತು?" ಅತ್ತೆ ಕೇಳಿದರು. ಉತ್ತರಕ್ಕೆ ಕಾಯಲಿಲ್ಲ. "ಹೋಗ್ಲಿ ಬಿಡಿ. ಆ ಕೇಂದ್ರದೋರು ಸಂಜೆವರೆಗೂ ಜಾಗ ಹಿಡಿದಿಟ್ಟಿರ್ತಾರಂತೆ."

ಬಾಗಿಲಿನ ಇನ್ನೊಂದು ಅಂಚು ಹಿಡಿದಿದ್ದ ಹೆಂಡತಿ ತಲೆ ತಗ್ಗಿಸಿದಳು. ಮೇಷ್ಟ್ರು ಅವಳನ್ನೇ ನೋಡಿದರು.

"ಬಾಗಿಲು ತೆಗಿ," ಎಂದರು.

"ಯಾವ ತೆಗಿ?"

"ಬಡಗಿ ತೆಗೆದ ಹಾಗೆ."

ಬಾಗಿಲು ಮತ್ತೆ ಗೋಡೆಗೆ ಒರಗಿತು. ಕಿಟಕಿಯ ಪರದೆ ಬಿಚ್ಚಿ ಚೌಕಟ್ಟಿಗೆ ಕಟ್ಟಿದ್ದಾಯಿತು. ವಾಕರ್ ಎಲ್ಲಿಯೂ ತಗಲದೆ ಒಳಗೆ ಹೋಯಿತು, ಅದರ ಹಿಂದೆ ಅತ್ತೆ. ಹಿಡಿಕೆ ಒಮ್ಮೆ ಕಿರುಗುಟ್ಟಿತು. ಆಮೇಲೆ ಪರದೆಯ ಆಚೆಯಿಂದ ಅತ್ತೆಯ ದನಿ ಬಂತು.

"ಅಳಿಯಂದ್ರೇ, ಅಲ್ಲೇ ಇದೀರಾ?"

"ಇಲ್ಲ ಅತ್ತೆ."

"ಮತ್ತೆ ಈಗ ಮಾತಾಡಿದ್ದು ಯಾರು? ಪರದೆ ಅಂದ್ರೆ ಬಾಗಿಲಲ್ಲ. ಬೀದಿಗೆ ಹೋಗಿ ನಿಂತ್ಕೊಳ್ಳಿ. ನಾನು ಈ ಮನೇಲಿರೋ ತನಕ ಇದೇ ವ್ಯವಸ್ಥೆ."

ಹೆಂಡತಿ ಆಗಲೇ ಕೇಂದ್ರಕ್ಕೆ ಫೋನ್ ಮಾಡಿ, ಜಾಗ ಬೇಡ ಎನ್ನುತ್ತಿದ್ದಳು. ಮೇಷ್ಟ್ರು ಚಪ್ಪಲಿ ಹುಡುಕಿಕೊಂಡರು.