ಐದನೇ ಅಧ್ಯಾಯದ ತೇವ

ಈ ಕಥೆಯನ್ನು ಯಾವ ತುದಿಯಿಂದ ಹಿಡಿಯಬೇಕೆಂದು ತಿಳಿಯದೆ ಎರಡು ಸಲ ಕೈಬಿಟ್ಟಿದ್ದೇನೆ. ಮೊದಲ ಸಲ ಹೊಲದಿಂದ ಶುರು ಮಾಡಿದೆ. ಬಿಸಿಲು, ಎರೆಮಣ್ಣಿನ ಬಿರುಕು, ಬದುವಿನ ಮೇಲೊಂದು ಬೇವಿನ ಮರ. ಚೆನ್ನಾಗಿಯೇ ಬಂತು. (ಅದು ಚೆನ್ನಾಗಿ ಬಂದದ್ದೇ ಕೇಡಿಗೆ ಕಾರಣ. ಆಮೇಲೆ ಹೇಳುತ್ತೇನೆ.) ಎರಡನೇ ಸಲ ಸಿಂದಗಿಯ ಬಸ್ ಸ್ಟ್ಯಾಂಡಿನಿಂದ ಶುರು ಮಾಡಿದೆ. ಬಸ್ಸೇ ಬರಲಿಲ್ಲ.

ಈಗ ಮೂರನೆಯದು. ಪಲ್ಲವಿ ಎಂಬ ಹುಡುಗಿಯ ಬ್ಯಾಗಿನಲ್ಲಿರುವ ಒಂದು ಹಾಳೆಯಿಂದ ಹೊರಡುತ್ತೇನೆ. ಅದರ ತಲೆಯ ಮೇಲೆ ‘ಒಣಪ್ರದೇಶ ಪರಿಸರ ವಿಜ್ಞಾನ: ಡಾಕ್ಟರೇಟ್ ಪದವಿಗೆ ಬೇಕಾದ ಅರ್ಹತೆಗಳು’ ಎಂದು ಅಚ್ಚಾಗಿದೆ. ಆರು ವರ್ಷ ಮಡಚಿ ಬಿಚ್ಚಿ ಮಡಿಕೆಗಳಲ್ಲಿ ಹರಿದಿದೆ. ನಾನು ಸುಮ್ಮನೆ ಆ ಹಾಳೆಯ ಹಿಂದೆ ನಡೆದರೆ ಸಾಕು, ಕಥೆ ದಾರಿ ತಪ್ಪಲಾರದು ಅಂದುಕೊಂಡಿದ್ದೇನೆ.

೧. ಕೋರ್ಸ್‌ವರ್ಕ್ ಮುಗಿಸಿರಬೇಕು.

ಮುಗಿಸಿದ್ದಾಳೆ. ಇದರಲ್ಲಿ ಕಥೆಯಿಲ್ಲ.

೨. ಕನಿಷ್ಠ ಮೂರು ವರ್ಷ ಕ್ಷೇತ್ರಕಾರ್ಯವನ್ನು ಸ್ವತಃ ಮಾಡಿರಬೇಕು.

‘ಸ್ವತಃ’ ಎಂಬ ಮಾತನ್ನು ನೆನಪಿಟ್ಟುಕೊಳ್ಳಿ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ತಾಲೂಕಿಗೊಂದರಂತೆ ಮಳೆಯನ್ನೇ ನಂಬಿದ ನಾಲ್ಕು ಹೊಲ. ಹದಿನೈದು ದಿನಕ್ಕೊಮ್ಮೆ ಪ್ರತಿಯೊಂದರಲ್ಲೂ ಎರಡಡಿ ಅಗೆದು, ತಳದ ಮಣ್ಣನ್ನು ಡಬ್ಬಿಗೆ ತುಂಬಿ ತೂಗಬೇಕು. ಲ್ಯಾಬಿನ ಒಲೆಯಲ್ಲಿ ಒಣಗಿಸಿ ಮತ್ತೆ ತೂಗಬೇಕು. ಕಡಿಮೆಯಾದಷ್ಟು ತೂಕವೇ ಆ ಮಣ್ಣಿನಲ್ಲಿದ್ದ ನೀರು. ವಿಜ್ಞಾನ ಇಷ್ಟೇ. ಡಬ್ಬಿಗಳು ಮಾತ್ರ ಮುನ್ನೂರರ ಹತ್ತಿರ.

ಮೂರು ಹೊಲಗಳಲ್ಲಿ ಪಲ್ಲವಿ ತಾನೇ ಅಗೆದಳು. ಇಂಡಿಯ ಹೊಲದ ಗೈಬುಸಾಬ ಹಾರೆ ಕೊಟ್ಟು, ಬದುವಿನ ಮೇಲೆ ಕೂತು ನಗುತ್ತಿದ್ದ. “ಪಿಎಚ್‌ಡಿ ಅಂದ್ರ ಬಾವಿ ತೋಡೂದಂತ ಮೊದಲ ಗೊತ್ತಿದ್ರ ನಾನೂ ಓದ್ತಿದ್ದೆ ಬಿಡ್ರಿ ಮೇಡಂ!”

ಸಿಂದಗಿಯ ಕಡೆಯ ಹೊಲ ರೇವವ್ವನದು. ಎಪ್ಪತ್ತರ ಹತ್ತಿರದ ಹೆಂಗಸು, ಒಬ್ಬಳೇ ಉಳುಮೆ ಮಾಡಿಸುವವಳು. ಆ ಊರಿಗೆ ಬಸ್ಸು ಬರುವುದು ಹನ್ನೊಂದಕ್ಕೆ. ಅಷ್ಟರಲ್ಲಿ ರೇವವ್ವ ಗುಂಡಿ ಅಗೆದಿಟ್ಟು ಕಳೆ ತೆಗೆಯಲು ಹೋಗಿರುತ್ತಿದ್ದಳು. ಪಲ್ಲವಿ ತಳದ ಮಣ್ಣನ್ನು ಕೆರೆದುಕೊಂಡು ತಿರುಗಿ ಅದೇ ಬಸ್ಸು ಹತ್ತುತ್ತಿದ್ದಳು. ಮೂರು ವರ್ಷ ಹೀಗೇ ನಡೆಯಿತು. ನೋಟ್‌ಬುಕ್ಕಿನಲ್ಲಿ ಮಾತ್ರ ನಾಲ್ಕೂ ಹೊಲಕ್ಕೆ ‘ಸ್ವತಃ’ ಎಂದೇ ಬರೆದಳು.

೩. ಎರಡು ಲೇಖನಗಳು ಪ್ರಕಟವಾಗಿರಬೇಕು.

ಆಗಿವೆ. ಎರಡನೆಯದು ಹೆಸರು ಮಾಡಿತು. ನಾಲ್ಕು ಹೊಲಗಳಲ್ಲಿ ಮೂರು ಮಾರ್ಚಿಗೇ ಒಣಗುತ್ತವೆ, ರೇವವ್ವನ ಹೊಲ ಮಾತ್ರ ಮೇ ತಿಂಗಳಲ್ಲೂ ಎರಡಡಿಯ ಕೆಳಗೆ ತೇವ ಹಿಡಿದಿರುತ್ತದೆ. ಆಕೆಯ ಮಾವ ಕಟ್ಟಿಸಿದ ಹಳೆಯ ಕಲ್ಲಿನ ಒಡ್ಡೇ ಇದಕ್ಕೆ ಕಾರಣ ಎಂದು ಪಲ್ಲವಿ ಬರೆದಳು. ಗೈಡ್ ಅನೀಲಕುಮಾರ ಕುರ್ಚಿ ಬಿಟ್ಟು ಎದ್ದುನಿಂತು ಕೈ ಕುಲುಕಿದರು. ಪ್ರಬಂಧದ ಐದನೇ ಅಧ್ಯಾಯವೆಂದರೆ ಇದೇ. ಉಳಿದ ಅಧ್ಯಾಯಗಳೆಲ್ಲ ಇದರ ಭುಜದ ಮೇಲೆ ಕೈಯಿಟ್ಟು ನಿಂತಿವೆ.

ಇಲ್ಲಿ ನಾನು ಎಸೆದ ಮೊದಲ ಡ್ರಾಫ್ಟಿನ ಮೂರು ಸಾಲು ತೋರಿಸಬೇಕು:

‘ರೇವವ್ವ ತಂಬಿಗೆಯ ನೀರನ್ನು ಬಿರುಕಿಗೆ ಸುರಿದಳು. ನೆಲ ಗುಟುಕು ಗುಟುಕಾಗಿ ಕುಡಿಯಿತು. ಆಮೇಲೆ ಹಾರೆ ಎತ್ತಿದಳು.’

ಹಳ್ಳಿ ಗೊತ್ತಿದ್ದವನು ಮಾತ್ರ ಬರೆಯಬಲ್ಲ ಸಾಲುಗಳು ಎಂದು ಬೀಗಿದ್ದೆ. ಬೇಸಿಗೆಯ ಎರೆಮಣ್ಣಿನ ಬಿರುಕು ಎರಡಡಿಗಿಂತ ಆಳ ಇರುತ್ತದೆ, ಸುರಿದ ನೀರು ಮೇಲೆ ನಿಲ್ಲದೆ ನೇರ ತಳಕ್ಕೆ, ಪಲ್ಲವಿ ಡಬ್ಬಿಗೆ ತುಂಬುವ ಮಣ್ಣಿಗೇ ಇಳಿಯುತ್ತದೆ ಎಂಬುದು ಹಳ್ಳಿ ಗೊತ್ತಿದ್ದ ನನಗೆ ಹೊಳೆಯಲಿಲ್ಲ.

೪. (ಇದನ್ನು ಬಿಟ್ಟು ಮುಂದೆ ಹೋಗಬೇಕೆಂದಿದ್ದೆ. ಪಲ್ಲವಿ ಬಿಡುವುದಿಲ್ಲ.)

ಪ್ರಬಂಧ ಪಾಸಾಗಿದೆ, ಮೌಖಿಕ ಪರೀಕ್ಷೆ ಬರುವ ಸೋಮವಾರ. ಗುರುವಾರ ಆಕೆ ಯಾರದೋ ಬೈಕಿನಲ್ಲಿ ರೇವವ್ವನ ಹೊಲಕ್ಕೆ ಹೋದಳು.

“ಆಯಿ, ಸೋಮವಾರ ನೀ ಬರಾಕಬೇಕು. ಮುಂದಿನ ಸಾಲಿನಾಗ ಕುಂದರಸ್ತೇನಿ.”

“ಬರ್ತೇನಿ ತಗೋಳವ್ವ. ಚಾ ಕೊಡ್ತಾರಿಲ್ಲ?”

“ಕೊಡ್ತಾರ. ಈಗ ಒಮ್ಮಿ ಅಗದು ತೋರಸು. ಫೋಟೋ ತಗೀತೇನಿ.”

ರೇವವ್ವ ಸೆರಗು ಸಿಕ್ಕಿಸಿಕೊಂಡು ಮೊದಲು ತಂಬಿಗೆಗೆ ಕೈ ಹಾಕಿದಳು.

“ನೀರು ಯಾಕ ಆಯಿ?”

“ಯಾಕಂದ್ರ? ಮನಿಗೆ ಬಂದವರಿಗೆ ಮೊದಲ ನೀರು ಕೊಡೂದಿಲ್ಲೇನ? ಈ ಭೂಮಿತಾಯಿ ಹೊಟ್ಟ್ಯಾಗ ಕಬ್ಬಿಣ ಇಳಸ್ತೀವಿ, ಒಂದು ತಂಬಗಿ ನೀರಿಗೂ ಬಡತನ ಏನ?”

“ಇವತ್ತ ಒಂದ ದಿನ ಹಾಕಾಕತ್ತಿ ಹೌದಿಲ್ಲೊ?”

“ಹುಚ್ಚಿ! ಮೂರು ವರ್ಷದಾಗ ಒಮ್ಮಿನೂ ತಪ್ಪಿಸಿಲ್ಲ. ನಿನ್ನ ಕೆಲಸಕ್ಕ ಕುಂದು ಬರಬಾರ್ದಂತ.”

ಆ ಫೋಟೋದಲ್ಲಿ ಬರೀ ಆಕಾಶ ಬಂದಿದೆ.

೫. ‘ಈ ಪ್ರಬಂಧದ ಎಲ್ಲ ಮಾಹಿತಿಯನ್ನು ನಾನೇ ಖುದ್ದಾಗಿ ಸಂಗ್ರಹಿಸಿದ್ದೇನೆ’ ಎಂಬ ಘೋಷಣೆಗೆ ಸಹಿ ಹಾಕಿರಬೇಕು.

ಹಾಕಿದ್ದಾಳೆ, ನೀಲಿ ಶಾಯಿಯಲ್ಲಿ. ಸುಳ್ಳೆಂದು ಕಂಡರೆ ನೋಂದಣಿ ರದ್ದು. ಮತ್ತೆ ಅಗೆಯಲು ವರ್ಷಗಳಿಲ್ಲ, ಸಿಗಬೇಕಾದ ಗಡುವೆಲ್ಲ ಸಿಕ್ಕು ಮುಗಿದಿದೆ. ಆಕೆ ಹೊಲದಿಂದ ನೇರ ನನ್ನ ಹತ್ತಿರ, ಈ ಕಥೆ ಬರೆಯುವವನ ಹತ್ತಿರ ಬಂದಳು.

“ಸರ್, ನಿಮಗ ಮೊದಲ ಗೊತ್ತಿತ್ತು,” ಅಂದಳು ನನಗೆ.

“ನನಗೆ ಚಂದ ಕಂಡಿತ್ತಮ್ಮ, ಅಷ್ಟೇ.”

“ಚಂದ ಕಂಡಿತ್ತಾ! ಆ ಸಾಲು ತಗೀರಿ. ಈಗ ತಗೀರಿ.”

ತೆಗೆದೆ. ಲೇಖಕನಾಗಿ ನನಗಿರುವ ಏಕೈಕ ಅಧಿಕಾರ ಅದು. ನೀರು ಮಾಯವಾಯಿತು. ರೇವವ್ವ ಹಾರೆಯನ್ನು ನೆಲಕ್ಕೆ ಮಲಗಿಸಿ ಬದುವಿನ ಮೇಲೆ ಕೂತುಬಿಟ್ಟಳು.

“ನೀರು ಕೊಡಲಾರದ ನಾ ಹಾರಿ ಮುಟ್ಟಂಗಿಲ್ಲ, ಕತಿ ಮಾಸ್ತರ. ಬೇಕಂದ್ರ ನೀವ ಬಂದು ಅಗೀರಿ.”

ಅಗೆದೆನೆಂದು ಬರೆದುಕೊಳ್ಳಬಹುದಿತ್ತು. ನಂಬುವವರು ಯಾರು? ಗುಂಡಿಯಿಲ್ಲ, ಡಬ್ಬಿಯಲ್ಲಿ ಮಣ್ಣಿಲ್ಲ, ಕಥೆಯೂ ಇಲ್ಲ. ಸಾಲನ್ನು ಮತ್ತೆ ಅಲ್ಲಿಯೇ ಇಟ್ಟೆ.

೬. ಇನ್ನು ಮುಕ್ತಾಯಗಳು. (ಹಾಳೆಯಲ್ಲಿ ಆರನೆಯದು ಗ್ರಂಥಾಲಯದ ನೋ ಡ್ಯೂಸ್. ಅದು ಹಾಗಿರಲಿ.)

ಒಂದು: ಪಲ್ಲವಿ ಶುಕ್ರವಾರವೇ ಗೈಡಿಗೆ ಹೇಳಿಬಿಡುತ್ತಾಳೆ. ಅನೀಲಕುಮಾರ ಕನ್ನಡಕ ತೆಗೆದು ಒರೆಸುತ್ತಾರೆ. ಬಹಳ ಹೊತ್ತು ಒರೆಸುತ್ತಾರೆ. ಆ ಲೇಖನದಲ್ಲಿ ಅವರ ಹೆಸರೂ ಇದೆ. “ಯಾರಿಗೆ ಹೇಳೀಯವ್ವ ಇದನ್ನ? ನನಗೊಬ್ಬನಿಗೇ ಏನು?” ಅನ್ನುತ್ತಾರೆ. ಅವರ ಮುಂದಿನ ಮಾತು ಬರೆಯಲು ನನಗೆ ಧೈರ್ಯವಾಗಲಿಲ್ಲ.

ಇನ್ನೊಂದು: ಬರಬೇಡವೆಂದು ರೇವವ್ವನಿಗೆ ಫೋನು ಮಾಡುತ್ತಾಳೆ. “ಸೀರಿ ಇಸ್ತ್ರಿ ಮಾಡಿಸೇನಿ, ಇನ್ನ ಹ್ಯಾಂಗ ಬ್ಯಾಡಂತಿ?” ಅನ್ನುತ್ತಾಳೆ ರೇವವ್ವ. ಮುಗಿಯಿತು.

ಮತ್ತೊಂದು: ಯಾರಿಗೂ ಏನೂ ಗೊತ್ತಾಗುವುದಿಲ್ಲ. ಚಪ್ಪಾಳೆ. ಡಾ. ಪಲ್ಲವಿ. ಇದು ಎಲ್ಲಕ್ಕಿಂತ ಸುಲಭ, ಬರೆದೂ ಬಿಟ್ಟಿದ್ದೆ. ಅಷ್ಟರಲ್ಲಿ ಪಲ್ಲವಿಗೆ ಇಂಡಿಯಿಂದ ಗೈಬುಸಾಬನ ಫೋನು ಬಂತು. “ಮೇಡಂ, ಸಿಂದಗಿಯಂಗ ನಮ್ಮ ಹೊಲಕ್ಕೂ ಒಡ್ಡು ಹಾಕಾಕತ್ತೇವ್ರಿ. ಎಂಟು ದಿನ ಆತು, ಮನಿಮಂದೆಲ್ಲ ಕಲ್ಲು ಹೊರಾಕತ್ತೇವಿ. ನೀವ ಬರದೀರಿ ಅಂದ ಮ್ಯಾಲ ಸುಳ್ಳ ಇರತೈತೇನ್ರಿ?”

ಆ ಮುಕ್ತಾಯವನ್ನೂ ಹರಿದು ಹಾಕಿದೆ.

೭. ಮೌಖಿಕ ಪರೀಕ್ಷೆ ಬಹಿರಂಗವಾಗಿ ನಡೆಯತಕ್ಕದ್ದು. ಸಭಿಕರಲ್ಲಿ ಯಾರು ಬೇಕಾದರೂ ಪ್ರಶ್ನೆ ಕೇಳಬಹುದು.

ಸೋಮವಾರ, ಮಧ್ಯಾಹ್ನ ಮೂರು ಗಂಟೆ. ಹಾಲ್‌ನಲ್ಲಿ ಮೂವತ್ತು ಜನ. ಇಸ್ತ್ರಿಯ ಗೆರೆ ಬಿದ್ದ ಸೀರೆಯುಟ್ಟು ರೇವವ್ವ ಮುಂದಿನ ಸಾಲಿನಲ್ಲಿ ಕೂತಿದ್ದಾಳೆ. ತೊಡೆಯ ಮೇಲೊಂದು ಕೈಚೀಲ, ಅದರೊಳಗೆ ತಂಬಿಗೆಯಷ್ಟು ದುಂಡಗಿನದೇನೋ. ಐದನೇ ಅಧ್ಯಾಯದ ಗ್ರಾಫ್ ಪರದೆಯ ಮೇಲಿದೆ. ಮೂರು ಗೆರೆಗಳು ಕೆಳಕ್ಕಿಳಿಯುತ್ತವೆ, ಒಂದು ಇಳಿಯುವುದಿಲ್ಲ.

“ಯಾರಿಗರೆ ಏನರೆ ಕೇಳೂದೈತೇನ್ರಿ?” ಅಂದರು ಅನೀಲಕುಮಾರ. ಇದು ಬಾಯಿಮಾತು. ಇಂಥಲ್ಲಿ ಯಾರೂ ಕೇಳುವುದಿಲ್ಲ, ಎಲ್ಲರೂ ಚಹಾ ಬರುವ ಬಾಗಿಲು ನೋಡುತ್ತಾರೆ.

ರೇವವ್ವ ಕೈ ಎತ್ತಿದಳು.

ಆಕೆ ಏನು ಕೇಳಬಹುದೆಂದು ನನಗೆ ಗೊತ್ತಿಲ್ಲ. ತನ್ನ ಹೊಲದ ಹೆಸರು ಬಂತಲ್ಲ, ಬರೀ ಸಂತೋಷ ಹೇಳಲಿಕ್ಕಿರಬಹುದು. ‘ಒಮ್ಮಿನೂ ತಪ್ಪಿಸಿಲ್ಲ’ ಎಂದು ಹೆಮ್ಮೆಯಿಂದ ಚೀಲ ಬಿಚ್ಚಲಿಕ್ಕೂ ಇರಬಹುದು. ಪಲ್ಲವಿ ಆ ಕೈಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ನಾನು ಪೆನ್ನು ಕೆಳಗಿಟ್ಟೆ. ಅಂಜಿಕೆಗೇ ಇಟ್ಟೆ, ಬೇರೆ ದೊಡ್ಡ ಕಾರಣವೇನಿಲ್ಲ.

“ಕತಿ ಮಾಸ್ತರ,” ರೇವವ್ವ ಅಂದಳು, “ಎಷ್ಟೊತ್ತು ಹಿಡೀಲಿ? ಕೈ ನೋಯಾಕತ್ತೈತಿ.”

ಪಲ್ಲವಿ ಮೈಕು ಹಿಡಿದು ವೇದಿಕೆಯಿಂದ ಇಳಿಯುತ್ತಿದ್ದಾಳೆ. ಆ ಮೈಕನ್ನು ಮುದುಕಿಯ ಕೈಗೆ ಕೊಡಲಿಕ್ಕೋ, ಆಕೆಗಿಂತ ಮೊದಲು ತಾನೇ ಮಾತಾಡಲಿಕ್ಕೋ, ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಲಿಕ್ಕೋ ನಾನು ಕೇಳಿಲ್ಲ. ಇನ್ನು ನಾಲ್ಕು ಹೆಜ್ಜೆ ಇದೆ.