ಕಪ್ಪು ಸಿನಿಮಾಕ್ಕೆ ಬಿಳಿ ಗೋಡೆ

ಮಣಿಕಟ್ಟಿಗೆ ಸಿಡಿದ ಸುಣ್ಣ ಒಣಗಿ ಚರ್ಮ ಬಿಗಿಯುತ್ತಿದೆ, ಉಗುರಿನಿಂದ ಕೆರೆದರೆ ಹಾಲಿನ ಕೆನೆಯ ಹಾಗೆ ಎದ್ದು ಬರುತ್ತದೆ, ಇರಲಿ, ಬಳೆ ಮುಚ್ಚಿಕೊಳ್ಳುತ್ತದೆ, ಅಲ್ಲ, ಬಳೆ ಹಾಕಬಾರದು ಅಂದಿದ್ದಾಳಲ್ಲ ಮಗಳು, ಬಳೆ ಸದ್ದು ಮೈಕಿಗೆ ಹೋಗುತ್ತೆ ಅಮ್ಮ — ಕರಿಬಸಮ್ಮ ಎರಡೂ ಕೈ ಮುಂದೆ ಚಾಚಿ ನೋಡಿಕೊಳ್ಳುತ್ತಾಳೆ, ಕೈಗೊಂದೊಂದೇ ಉಳಿಸಿಕೊಂಡರೆ ಸದ್ದಾಗುವುದಿಲ್ಲ, ಬಡಿಯಲು ಇನ್ನೊಂದು ಬೇಕಲ್ಲ. ಎದುರಿಗೆ ಗೋಡೆ. ಒಣಗಿದ ಕಡೆ ಬಿಳಿ, ಒಣಗದ ಕಡೆ ಬೂದು, ಒಂದು ಚಿಟಿಕೆ ನೀಲಿ ಕಲಸಿದ್ದಕ್ಕೆ ಹಬ್ಬದ ಕಳೆ ಬಂದುಬಿಟ್ಟಿದೆ, ಇದನ್ನು ಅಡುಗೆಮನೆ ಅಂತ ಯಾರು ಹೇಳುತ್ತಾರೆ, ಗ್ಯಾಸ್ ಬರುವ ಮುಂಚೆ ಎಷ್ಟು ವರ್ಷ ಹೊಟ್ಟಿನ ಒಲೆ ಉರಿಸಿದ್ದು, ಸಾ ಮಿಲ್ಲಿನಿಂದ ಮರದ ಹೊಟ್ಟು ತಂದು ಡಬ್ಬಿಗೆ ಗಿಡಿದು ಗಿಡಿದು, ಆ ಹೊಗೆಯೆಲ್ಲ ಈ ಗೋಡೆ ಕುಡಿದು ಕಾವಲಿಯ ತಳ ಆಗಿತ್ತು. ಮಗಳು ಸಮತಾ ಬೆಳಿಗ್ಗೆ ಕ್ಯಾಮೆರಾ ತರಲು ಶಿವಮೊಗ್ಗದ ಬಸ್ಸು ಹತ್ತಿದ್ದೇ ತಡ, ಸೆರಗು ಸಿಕ್ಕಿಸಿ ಕುಂಚ ಹಿಡಿದದ್ದು, ಮಸಿ ಮುಚ್ಚಬೇಕಾದರೆ ಮೂರು ಕೈ ಬಳಿಯಬೇಕಾಯಿತು, ಆದರೂ ದಣಿವೇ ಇಲ್ಲ, ಮೈಯಲ್ಲಿ ಏನೋ ಜುಮುಜುಮು, ಜಾತ್ರೆಗೆ ಹೊರಟ ಹುಡುಗಿಯ ಹಾಗೆ, ಈ ವಯಸ್ಸಿನಲ್ಲಿ. ಕಾಲೇಜಿಗೆ ಕೊಡೋ ನನ್ನ ಸಿನಿಮಾಕ್ಕೆ ನಿನ್ನ ಅಡುಗೆಮನೆಲೇ ಶೂಟಿಂಗ್ ಅಮ್ಮ, ಆ ಗೋಡೆ ಪೂರ್ತಿ ತೋರಿಸ್ತೀನಿ. ಪೂರ್ತಿ ಗೋಡೆ! ಕಾಲೇಜಿನವರೆಲ್ಲ ಕೂತು ನೋಡುವಾಗ ಕರಿಬಸಮ್ಮನ ಮಸಿ ಹಿಡಿದ ಗೋಡೆ ಕಾಣಬೇಕೇ, ಮನೆಗೆ ಕ್ಯಾಮೆರಾ ಬರುತ್ತದೆ ಅಂದರೆ ಮದುವೆಗೆ ಬರುವುದು, ಮದುವೆಗೆ ಸುಣ್ಣ ಬಳಿಯದ ಮನೆ ಜನ್ನಾಪುರದಲ್ಲಿ ಎಲ್ಲಿದೆ.

ಅವನು ಈ ಕಡೆ ಬಂದೇ ಇಲ್ಲ. ಅವನು ಈ ಕಡೆ, ಬಂದೇ ಇಲ್ಲ. ಅಕ್ಕಿ ತೊಳೆಯುತ್ತಾ ಅಕ್ಕಿಗೆ ಹೇಳಿದಳು, ಬೇಳೆಗೆ ಹೇಳಿದಳು, ಕುಂಚ ತೊಳೆದ ಬಕೀಟಿಗೂ ಹೇಳಿದಳು, ಆಗಲೇ ಪಕ್ಕದ ಮಾಸ್ತಮ್ಮ ಗೋಡೆಯಾಚೆಯಿಂದ, ಯಾರು ಬಂದಿಲ್ವೇ ಮಾರಾಯ್ತಿ, ಬೆಳಗಿಂದ ಯಾರನ್ನ ಕಾಯ್ತಿದೀಯ, ನಿನ್ ಗಂಡ ಪರಮೇಶಣ್ಣಂಗೆ ಹೇಳ್ಲಾ? ಕರಿಬಸಮ್ಮನಿಗೆ ನಗು ತಡೆಯಲಾಗಲಿಲ್ಲ. ಇದೊಂದೇ ಮಾತು ಅವಳಿಗೆ ಸಿನಿಮಾದಲ್ಲಿ, ಆದರೆ ಕಥೆಯಲ್ಲಿ ಈ ಮಾತು ಸುಳ್ಳು, ಮಾಚೇನಹಳ್ಳಿಯ ಗೋಡೌನಿನ ಹಿಂದೆ ಒಬ್ಬನನ್ನು ಕೊಂದು ಓಡಿ ಬಂದವನು ಇದೇ ಅಡುಗೆಮನೆಯ ಅಟ್ಟದ ಮೇಲೆ ಕೂತಿದ್ದಾನೆ, ಕೆಳಗೆ ಪತ್ತೇದಾರ ಬಂದು ಕೇಳಿದಾಗ ಈ ಹೆಂಗಸು ಹಾಗೆ ಹೇಳಿ ಕಿಟಕಿಯ ಕಡೆ ತಿರುಗುತ್ತಾಳೆ, ಅಷ್ಟೇ. ಈ ಥರದ ಸಿನಿಮಾಕ್ಕೆ ನ್ವಾರ್ ಅಂತಾರೆ ಅಮ್ಮ, ನ್ವಾರ್ ಅಂದ್ರೆ ಕಪ್ಪು, ಫ್ರೆಂಚಲ್ಲಿ. ಅದರಲ್ಲಿ ಪತ್ತೇದಾರ ಕೋಟು ಹಾಕಿರಬೇಕು, ಬೀದಿ ಒದ್ದೆ ಇರಬೇಕು, ಹೊಗೆ ಸುತ್ತಬೇಕು, ಒಬ್ಬಳು ಹೆಂಗಸು ಏನನ್ನೋ ಬಚ್ಚಿಟ್ಟಿರಬೇಕು, ಕೊನೆಗೆ ಯಾರೂ ಗೆಲ್ಲಬಾರದು — ಪಾಪ, ಒಬ್ಬರಾದ್ರೂ ಉಳೀಲಿ ಕಣೇ, ಅಂದರೆ, ಉಳಿದ್ರೆ ಅದು ನ್ವಾರ್ ಅಲ್ಲಮ್ಮ ಅಂತ ಮುಖ ಗಂಟು ಹಾಕಿದಳು. ಆ ಹೆಂಗಸಿನ ಪಾತ್ರಕ್ಕೆ ಮೊದಲು ಇದ್ದವಳು ಮಗಳ ಗೆಳತಿ ಪ್ರಿಯದರ್ಶಿನಿ, ಮೊನ್ನೆ ಅವರ ಮನೆಯಲ್ಲಿ ಬೇಡ ಅಂದರಂತೆ, ಹುಡುಗಿಗೆ ಗಂಡು ನೋಡ್ತಿದೀವಿ, ಕೊಲೆಗಾರನ್ನ ಬಚ್ಚಿಡೋಳು ಅಂತ ಹೆಸರು ಬಂದ್ರೆ ಹೇಗೆ. ಸಮತಾ ಚಾಪೆಯ ಮೇಲೆ ಬೋರಲು ಬಿದ್ದು ಅಳುತ್ತಿದ್ದಳು, ಇವಳು ಬೆನ್ನು ಸವರುತ್ತಿದ್ದಳು, ಸವರುವ ಕೈ ಇನ್ನೂ ಬೆನ್ನ ಮೇಲೇ ಇತ್ತು, ಮಗಳು ತಟ್ಟನೆ ತಲೆಯೆತ್ತಿ, ಅಮ್ಮ, ನಿಂಗೆ ಸುಳ್ಳು ಹೇಳೋಕೆ ಬರುತ್ತಾ?

ಬರುತ್ತೆ ಅಂದಳಲ್ಲ, ಎಷ್ಟು ಬೇಗ ಅಂದುಬಿಟ್ಟಳು. ಮುಖದಲ್ಲಿ ಏನೂ ಕಾಣಬಾರದಮ್ಮ, ಅರ್ಧ ಮುಖಕ್ಕೆ ಬೆಳಕು, ಇನ್ನರ್ಧ ಕತ್ತಲು, ಯಾಕಂದ್ರೆ ಯಾವ ಮನುಷ್ಯನೂ ನಮಗೆ ಪೂರ್ತಿ ಕಾಣಲ್ಲ, ಅಂತ ಸಮತಾ ಹೇಳುವಾಗ ಇವಳು ಹೂಂಗುಟ್ಟುತ್ತಾ ಬೇರೆ ಎಲ್ಲೋ ಹೋಗಿದ್ದಳು, ಹೊಸದಾಗಿ ಮದುವೆಯಾಗಿ ಬಂದಾಗ ಮಾಚೇನಹಳ್ಳಿಯ ಫೌಂಡ್ರಿಗೆ ಬುತ್ತಿ ಒಯ್ದ ದಿನಕ್ಕೆ, ಒಳಗೆಲ್ಲ ಕತ್ತಲೆ, ಕುಲುಮೆಯ ಬಾಯಿ ತೆಗೆದರು, ಕೆಂಡದ ನೀರಿನಂಥ ಕಬ್ಬಿಣ ಸುರಿಯಿತು, ಆ ಬೆಳಕಿನಲ್ಲಿ ಒಬ್ಬ ಗಂಡಸಿನ ಅರ್ಧ ಮುಖ — ಒಂದು ಕಣ್ಣು, ಒಂದು ಕೆನ್ನೆ, ಇನ್ನರ್ಧ ಇರಲೇ ಇಲ್ಲ, ಯಾರೋ ಅರಿವೆ ಹರಿದ ಹಾಗೆ ಹರಿದು ಒಯ್ದಿದ್ದರು, ಯಾರಪ್ಪ ಇವನು ಅಂತ ಎದೆ ಧಸಕ್ಕೆಂದಿತು, ಆಮೇಲೆ ಆ ಅರ್ಧ ಮುಖ ನಕ್ಕಿತು, ಪರಮೇಶ. ಅದನ್ನು ಯಾರಿಗೂ ಹೇಳಿಲ್ಲ. ಹೇಳಲು ಏನಿದೆ, ಗಂಡನ ಮುಖ ನೋಡಿ ಹೆದರಿದೆ ಅಂತಲೇ, ಹೆದರಿದ ಆ ಗಳಿಗೆಯಲ್ಲೇ ಅವನ ಮೇಲೆ ಮನಸ್ಸಾಯಿತು ಅಂತಲೇ. ನ್ವಾರ್. ಹೆಸರು ಗೊತ್ತಿರಲಿಲ್ಲ ಅಷ್ಟೇ.

ಗೇಟು ಕಿರುಗುಟ್ಟಿತು, ಬಂದರು, ಅಯ್ಯೋ ಸಾಂಬ್ರಾಣಿ ಎಲ್ಲಿಟ್ಟೆ, ಹಾಲೇಶ ಸಿಗರೇಟು ಹಚ್ಚಿದರೆ ಬೀದಿಯವರು ಅವನ ಮನೆಗೆ ಹೇಳುತ್ತಾರೆಂದು ಹೊಗೆಗೆ ಸಾಂಬ್ರಾಣಿಯೇ ಆಗಲಿ ಅಂದವಳು ಇವಳೇ, ಹಾಲೇಶ ಪತ್ತೇದಾರ, ಮಗಳ ಕ್ಲಾಸಿನ ಹುಡುಗ, ಆಗಲೇ ಕೋಟು ತೊಟ್ಟು ಬೆವರುತ್ತಿದ್ದಾನೆ, ಅದು ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆ ಎಲ್ಲರಿಗೂ ತೊಡಿಸುವ ಕೋಟು, ದೊಗಳೆಯಾಗಿ ಬೆನ್ನ ಹಿಂದೆ ಕ್ಲಿಪ್ಪು ಹಾಕಿದೆ, ಆಂಟಿ ನಾನು ಹಿಂದಕ್ಕೆ ತಿರುಗೋ ಹಾಗಿಲ್ಲ, ಅಂದ. ಅವನ ಹಿಂದೆ ಆ ಸ್ಟುಡಿಯೋದ ಲಕ್ಷ್ಮೀಕಾಂತ, ಶಿವಮೊಗ್ಗದ ಗೋಪಾಳದವನು, ಹೆಗಲಿಗೆ ಕ್ಯಾಮೆರಾ ಬ್ಯಾಗು, ಬೇಗ ಮುಗಿಸ್ರಪ್ಪ, ಕತ್ತಲಾಗೋ ಹೊತ್ತಿಗೆ ರಿಸೆಪ್ಷನ್ನಿಗೆ ಹೋಗ್ಬೇಕು, ಕ್ಯಾಮೆರಾ ಮತ್ತೆ ಸಿಗಲ್ಲ ನೋಡಿ. ಆಮೇಲೆ ಸಮತಾ. ಹೊಸ್ತಿಲಲ್ಲೇ ನಿಂತುಬಿಟ್ಟಳು. ಅಮ್ಮ. ಗೋಡೆಗೆ ಏನ್ ಮಾಡ್ದೆ. ಸುಣ್ಣ ಹೊಡ್ದೆ ಕಣೇ, ಚೆನ್ನಾಗಿಲ್ವಾ. ಆ ಮಸಿಗೋಸ್ಕರ ಅಲ್ವೇನಮ್ಮ ನಾನು ಈ ಮನೆ ಆರಿಸಿದ್ದು, ಶಿವಮೊಗ್ಗದಲ್ಲಿ ಎಲ್ಲರ ಅಡುಗೆಮನೆಗೂ ಟೈಲ್ಸು, ಆ ಕಪ್ಪು ಗೋಡೆ ನಮ್ಮನೇಲಿ ಮಾತ್ರ ಇತ್ತು, ನಾಳೆ ಕಾಲೇಜಿಗೆ ಕೊಡ್ಬೇಕು ನಾನು, ನಾಳೆ. ಲಕ್ಷ್ಮೀಕಾಂತ ನಕ್ಕ, ಒಳ್ಳೇದಾಯ್ತು ಬಿಡಿ, ಬಾಳೆಕಂಬ ಒಂದು ಕಟ್ಟಿದ್ರೆ ಮದುವೆ ಕ್ಯಾಸೆಟ್ಟೇ ಮಾಡ್ಕೊಡ್ತೀನಿ. ಸಮತಾ ನಗಲಿಲ್ಲ. ಕರಿಬಸಮ್ಮ ಗೋಡೆ ನೋಡಿದಳು, ಮತ್ತೆ ಮಸಿ ಹಿಡಿಸಬಹುದೇ, ಹಳೇ ಟೈರು ಸುಟ್ಟರೆ, ಸೀಮೆಎಣ್ಣೆ ಬುಡ್ಡಿ ಹಿಡಿದರೆ, ವರ್ಷಗಟ್ಟಲೆ ಕೂತ ಮಸಿ ಒಂದು ಗಳಿಗೆಗೆ ಎಲ್ಲಿ ಬಂದೀತು, ಎಂಥ ದಡ್ಡಿ ನಾನು, ಕಪ್ಪು ಕಪ್ಪು ಅಂತ ಎಷ್ಟು ಸಲ ಹೇಳಿತು ಮಗು, ಕೇಳಿಸಿಕೊಂಡಿದ್ದೆನಲ್ಲ, ಕೇಳಿಸಿಕೊಂಡೂ ಕುಂಚ ಹಿಡಿದೆನಲ್ಲ — ನಿಲ್ಲಲಾರದೆ ಕಿಟಕಿಯ ಬಾಗಿಲು ತೆಗೆಯಲು ಹೋದಳು, ಸುಣ್ಣದ ವಾಸನೆಯಾದರೂ ಹೋಗಲಿ ಅಂತ, ಚಿಲಕ ಎಳೆದು ತಳ್ಳಿದಳು.

ಇಳಿಬಿಸಿಲು ಒಳಗೆ ನುಗ್ಗಿತು. ಹಿಂದೆ ಹಾಲೇಶ, ಲೇ ಸಮತಾ, ಅಂದ. ತಿರುಗಿದರೆ ಗೋಡೆಯ ತುಂಬ ಕಿಟಕಿ, ಸರಳು ಸರಳಾಗಿ, ಇದ್ದಿಲಿನಿಂದ ಗೆರೆ ಎಳೆದ ಹಾಗೆ, ಆ ಸರಳುಗಳ ನಡುವೆ ಒಬ್ಬಳು ಹೆಂಗಸು, ತುರುಬು, ಮೂಗು, ಗದ್ದ, ಯಾರಿವಳು, ತಾನೇ, ಇಷ್ಟು ವರ್ಷ ಇದೇ ಹೊತ್ತಿಗೆ ಇದೇ ಕಿಟಕಿಯ ಮುಂದೆ ನಿಂತು ಕಾಫಿ ಕಾಸಿದ್ದಾಳೆ, ಈ ನೆರಳು ಒಂದು ದಿನವೂ ಕಂಡಿರಲಿಲ್ಲ, ಮಸಿಗೋಡೆ ಅದನ್ನೂ ನುಂಗುತ್ತಿತ್ತು. ಅಮ್ಮ ಅಲ್ಲಾಡಬೇಡ, ಸಮತಾಳ ದನಿ ಒಡೆದಿತ್ತು, ಅಲ್ಲೇ, ಅಲ್ಲೇ ನಿಂತ್ಕೋ, ಲಕ್ಷ್ಮೀಕಾಂತಣ್ಣ ಲೈಟು ಬೇಡ, ಏನೂ ಬೇಡ, ಕ್ಯಾಮೆರಾ ಕೊಡಿ ಸಾಕು. ಅಲ್ಲ ಮಾರಾಯ್ತಿ ಮುಖನೇ ಕಾಣಲ್ವಲ್ಲ, ಅಂತ ಅವನು. ಕಾಣಬಾರದು, ಅಂತ ಸಮತಾ ತಾನೇ ಕ್ಯಾಮೆರಾ ಹಿಡಿದು ನಿಂತಳು. ಸಾಂಬ್ರಾಣಿ ಎದ್ದಿತು, ಹೊಗೆ ಸರಳಿನಿಂದ ಸರಳಿಗೆ ದಾಟುತ್ತಿದೆ, ಕೋಟಿನ ಹುಡುಗ ಕೇಳಿದ, ಅವನು ಎಲ್ಲಿ, ಕರಿಬಸಮ್ಮನ ಎದೆ ಡವಡವ, ಮೈಕಿಗೆ ಇದು ಕೇಳಿಸುತ್ತದೇನೋ, ಆದರೂ ಮಾತು ತಾನಾಗಿ ಬಂತು, ಅಕ್ಕಿಗೆ ಹೇಳಿದಷ್ಟೇ ಸಲೀಸಾಗಿ, ಅವನು ಈ ಕಡೆ ಬಂದೇ ಇಲ್ಲ. ಈಗ ಕಿಟಕಿಯ ಕಡೆ ತಿರುಗಬೇಕು. ತಿರುಗುವ ದಾರಿಯಲ್ಲಿ ಕಣ್ಣು ಸಿಕ್ಕಿಕೊಂಡಿತು — ಕ್ಯಾಮೆರಾದ ಹಿಂದೆ, ಸುಣ್ಣದ ಗೋಡೆಯಿಂದ ಚಿಮ್ಮಿದ ಬೆಳಕಿನಲ್ಲಿ, ಒಂದು ಕಣ್ಣು, ಒಂದು ಕೆನ್ನೆ, ಇನ್ನರ್ಧ ಇಲ್ಲವೇ ಇಲ್ಲ, ಯಾರಪ್ಪ ಇದು, ಅರ್ಧ ಮುಖ, ಅಪ್ಪನ ಹಾಗೇ ನಗುತ್ತಿರುವ ಅರ್ಧ ಮುಖ —