ದ್ಯಾವಮ್ಮನ ತಲೆಗಲ್ಲು

“ಇದು ಯಾರ ತಲೆಗಲ್ಲಾಗಿಕ್ಕು?”

ಕಾಲುವೆಯ ಮೊಣಕಾಲುದ್ದ ನೀರಿನಲ್ಲಿ ನಿಂತು ವಿಶ್ವೇಶ್ವರ ಭಟ್ಟರು ಕೇಳಿದ್ದು ಯಾರನ್ನೂ ಅಲ್ಲ. ಕಾಲುವೆ ದಾಟುವ ಸಂಕದ ಒಂದು ಬದಿ ಕುಸಿದಿತ್ತೆಂದು ಹಾರೆ ಹಾಕಿ ಚಪ್ಪಡಿ ಮಗುಚಿದ್ದರು. ಇಪ್ಪತ್ತೆರಡು ವರ್ಷ, ದಿನಕ್ಕೆ ನಾಲ್ಕು ಸಲ ತುಳಿದ ಕಲ್ಲು. ಅಡಿಮುಖದ ಕೆಸರು ಒರೆಸಿದರೆ ಸೂರ್ಯ, ಚಂದ್ರ, ಕೆಳಗೊಂದು ಸಣ್ಣ ತೊಟ್ಟಿಲು.

“ಚಾ ತಣ್ದು ಹೋತು. ಯಾರ ಹತ್ರ ಹರಟೆ?” ಎಂದು ಹೆಂಡತಿ ಜಯಾ ಮೇಲಿನಿಂದ ಕೂಗಿದಳು.

“ಯಾರ ಹತ್ರವೂ ಇಲ್ಲೆ.”

ಕಲ್ಲು ಎಲ್ಲಿಂದ ಬಂತೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮಂಚಿಕೇರಿಯಿಂದ ಒಳಗೆ, ಅವರ ಬೇಲಿಯಾಚೆಯ ಗುಡ್ಡದ ಓರೆಯಲ್ಲಿ, ಹುಚ್ಚನೆಂಬ ಆಳಿನ ಕೇರಿಯವರು ತಲೆತಲಾಂತರದಿಂದ ತಮ್ಮವರನ್ನು ಮಣ್ಣು ಮಾಡುವ ಜಾಗವಿದೆ. ಸಂಕ ಕಟ್ಟಿಸುವಾಗ ಹುಚ್ಚನಿಗೇ ಅಲ್ಲಿಂದ ಒಂದು ಚಪ್ಪಡಿ ತರಲು ಹೇಳಿದ್ದರು. “ಅದು ನಮ್ಮ ಹಿರಿಯರ ಜಾಗ ಭಟ್ರೇ” ಎಂದಿದ್ದ ಹುಚ್ಚ. ಭಟ್ಟರು ನಕ್ಕಿದ್ದರು: “ಒಂದಕ್ಷರ ಬರೆದಿಲ್ಲ. ಅಕ್ಷರ ಇಲ್ಲದ ಕಲ್ಲು ಯಾರದೂ ಅಲ್ಲ. ತಗಂಡು ಬಾ.” ಪೋಥಿ ಪುರಾಣ ಓದಿ ಬೆಳೆದವರ ಮಾತು. ಹುಚ್ಚ ಹೊತ್ತು ತಂದು ಹಾಸಿದ. ಕೆತ್ತಿದ ಮುಖವನ್ನು ಅವನು ಕೆಳಗೆ ಮಾಡಿ ಹಾಸಿದ್ದೇಕೆಂದು ಆಗ ಹೊಳೆದಿರಲಿಲ್ಲ. ಈಗ ಹೊಳೆಯಿತು. ನೀರಿನಲ್ಲಿ ನಿಂತಿದ್ದರೂ ಭಟ್ಟರ ಕಿವಿ ಕಾದವು.

ಹುಚ್ಚ ಹೋಗಿ ಮೂರು ವರ್ಷ. ಅವನೂ ಆ ಓರೆಯಲ್ಲೇ ಮಲಗಿದ್ದಾನೆ.

ಮರುದಿನ ಪಿತೃಪಕ್ಷದ ಅಮಾವಾಸ್ಯೆ. ಬೆಳಿಗ್ಗೆ ಭಟ್ಟರು ತರ್ಪಣಕ್ಕೆ ಕೂತರು. ಅಪ್ಪ, ಅಜ್ಜ, ಮುತ್ತಜ್ಜ. ಹೆಂಗಸರ ಸಾಲಿಗೆ ಬಂದಾಗ ಮುತ್ತಜ್ಜಿಯ ಹೆಸರು ಬಾಯಿಗೆ ಬರಲಿಲ್ಲ; ಚೀಟಿ ನೋಡಿ ಹೇಳಿದರು. ಎದ್ದವರೇ ಪಂಚೆ ಬದಲಿಸಿ ಬೇಲಿ ದಾಟಿದರು.

ಓರೆಯಲ್ಲಿ ಕಳೆ ಸವರಿಯಾಗಿತ್ತು. ಪಂಚಾಯ್ತಿಯವರು ಜಾಗ ಅಳೆದು ಬೇಲಿ ಕಂಬ ನೆಟ್ಟಿದ್ದರು. ಹುಚ್ಚನ ಹೆಂಡತಿ ಚೌಡಮ್ಮ ಕಲ್ಲಿನಿಂದ ಕಲ್ಲಿಗೆ ನಡೆಯುತ್ತ, ಅಕ್ಕಿಕಾಳು ಇಡುತ್ತ, ರಾಗವಾಗಿ ಹೆಸರು ಹೇಳುತ್ತಿದ್ದಳು. ಆ ಕೇರಿಯ ದಫ್ತರವೆಂದರೆ ಅದೊಂದೇ: ಅತ್ತೆಯ ಬಾಯಿಂದ ಸೊಸೆಯ ಬಾಯಿಗೆ. ಮೊಮ್ಮಗಳು ಪ್ರತಿಭಾ ಮೊಬೈಲು ಹಿಡಿದು ಹಿಂದೆ ಹಿಂದೆ ಬರುತ್ತಿದ್ದಳು; ಈ ಸಲ ಹಾಡೆಲ್ಲ ಅವಳು ಮಾಡಿಸುವ ಪುಸ್ತಕಕ್ಕೆ ಇಳಿಯಲಿದೆಯೆಂಬುದು ಊರಿಗೇ ಗೊತ್ತಿತ್ತು.

“ನಿಧಾನ ಹೇಳಜ್ಜಿ, ತಿಳೀದೇ ಇಲ್ಲ.”

“ಮಲಗಿದವ್ರಿಗೆ ತಿಳೀತದೆ. ನಿನ್ನ ಡಬ್ಬಿಗೆ ಕಿವಿ ಮಂದ.”

ಮುದುಕಿ ಮತ್ತೆ ಎತ್ತಿಕೊಂಡಳು:

“ಹೊಳೆ ದಾಟಿ ಬಂದವ ಬೀರ, ಕಲ್ಲು ನೆಟ್ಟವ ಮಗ ಮಾರ;
ಕೂಸಿನ ಸಂಗಡ ಹೋದವಳು ದ್ಯಾವಮ್ಮ, ಕಲ್ಲು ನೆಟ್ಟವ ಗಂಡ ಮಾರ.”

ದ್ಯಾವಮ್ಮನ ಜಾಗದಲ್ಲಿ ಕಲ್ಲಿರಲಿಲ್ಲ. ಚೌಡಮ್ಮ ಬರಿ ನೆಲಕ್ಕೆ ಬಗ್ಗಿ, ಕೈಯಿಂದ ಮಣ್ಣು ಸವರಿ, ಎರಡು ಕಾಳು ಇಟ್ಟಳು. ಒಂದು ತಾಯಿಗೆ, ಒಂದು ಕೂಸಿಗೆ. ದೇವರ ಹಾಡು ಕೇಳಿದಲ್ಲೆಲ್ಲ ಕೈಮುಗಿದು ಕೂತು ಬೆಳೆದ ಭಟ್ಟರಿಗೆ ಅಲ್ಲಿ ಕೈ ಎತ್ತುವ ಧೈರ್ಯವೂ ಆಗಲಿಲ್ಲ.

ಅವಳು ಮುಗಿಸಿ ಕೂತ ಮೇಲೆ ಹತ್ತಿರ ಹೋದರು.

“ಚೌಡಮ್ಮ, ದ್ಯಾವಮ್ಮನ ಕಲ್ಲು ನಮ್ಮ ಸಂಕದಲ್ಲಿತ್ತು.”

“ಗೊತ್ತದೆ.”

“ಯಾವಾಗಿಂದ?”

“ಹೊತ್ತ ದಿನದಿಂದ. ಅವತ್ತು ನನ್ನ ಗಂಡ ಗಂಜಿ ಮುಟ್ಲಿಲ್ಲ. ಮುಖ ಅಡಿ ಮಾಡಿ ಹಾಕೀನೆ, ಯಾರ ಕಾಲೂ ಅವಳ ಮುಖಕ್ಕೆ ತಾಗೂದಿಲ್ಲ ಅಂದ. ನಿಮ್ಮ ಮನೆ ಕೆಲಸಕ್ಕೆ ಬರುವಾಗ ನಾವಿಬ್ರೂ ಕಾಲುವೆ ನೀರಲ್ಲೇ ಇಳಿದು ದಾಟ್ತಿದ್ವಲ್ಲ, ನೀವು ನೋಡ್ಲಿಲ್ವಾ?”

ನೋಡಿದ್ದರು. ಕಾಲು ತೊಳೆಯಲು ಇಳಿಯುತ್ತಾರೆಂದುಕೊಂಡಿದ್ದರು.

“ತಪ್ಪು ನಂದು,” ಭಟ್ಟರ ದನಿ ಕುಗ್ಗಿತು. “ನಾನೇ ತಂದು ನೆಡ್ತೇನೆ. ಆಳು ಕರೆಯೂದಿಲ್ಲ.”

“ನೆಡಿ. ಅವಳೂ ಕಾದಾಳೆ.”

“ಒಂದು ಕೇಳೂದಿತ್ತು.” ಅವರು ಪ್ರತಿಭಾಳ ಕೈಯ ಮೊಬೈಲಿನ ಕಡೆ ನೋಡಿ ಕಣ್ಣು ಕೆಳಗೆ ಹಾಕಿದರು. “ಪುಸ್ತಕ ಆಗ್ತದೆ. ನಾಲ್ಕು ಜನ ಓದ್ತಾರೆ. ಕಲ್ಲು ಮರಳಿ ಬಂತು ಅಂತಷ್ಟೇ ಹೇಳು. ಕೀಳಿಸಿದವನ ಹೆಸರು ಬೇಡ.”

ಚೌಡಮ್ಮ ಸೆರಗಿನಲ್ಲಿ ಉಳಿದ ಕಾಳು ಒಟ್ಟು ಮಾಡಿದಳು.

“ಇಷ್ಟು ವರ್ಷ ನಿಮ್ಮ ಮರ್ಯಾದೆಗೆ ಅಂತ ಆ ಸಾಲು ನುಂಗಿದ್ದೆ. ಕಲ್ಲು ವಾಪಸ್ ನಿಂತ ಮೇಲೆ ನುಂಗಿದ್ರೆ ಹಾಡು ಸುಳ್ಳಾಗ್ತದೆ. ಕೀಳಿಸಿದವ ವಿಶ್ವೇಶ್ವರ, ಹೊತ್ತವ ಹುಚ್ಚ, ಮತ್ತೆ ನೆಟ್ಟವ ವಿಶ್ವೇಶ್ವರ. ಹಾಗೇ ಹೇಳ್ತೇನೆ.”

“ಹುಚ್ಚನ ಹೆಸರೂ?”

“ಹೊತ್ತಾನಲ್ಲ.”

“ಚೌಡಮ್ಮ, ಕೈಮುಗೀತೇನೆ. ನಂದೊಂದು ಬಿಡು.”

“ಬಿಡೂದಿಲ್ಲ ಭಟ್ರೇ.”